ನಲವತ್ತೊಂದನೆಯ ಹೆಸರು

ಎಲ್ಲಿಂದ ಶುರು ಮಾಡಲಿ? ವಿಶಾಖಪಟ್ಟಣದ ಸಮುದ್ರದಿಂದ ಎಂದುಕೊಂಡು ಅರ್ಧ ಪುಟ ಬರೆದೆ, ಹರಿದು ಹಾಕಿದೆ. (ಭರತೇಶ ಕೂರುವ ಬ್ಯಾಂಕ್ ಕಚೇರಿಗೆ ಸಮುದ್ರ ಕಾಣುವ ಕಿಟಕಿಯೇ ಇಲ್ಲ.) ಪಟ್ಟಿಯಿಂದಲೇ ಶುರುವಾಗಲಿ.

೧

ಬೆಳಗಾವಿ ಕಡೆಯ ಭರತೇಶ ವರ್ಗವಾಗಿ ಬಂದು ಮೂರು ವರ್ಷ. ಸಾಲದ ಅರ್ಜಿಗಳನ್ನು ನೋಡುವ ಸಾಫ್ಟ್‌ವೇರ್‌ಗೆ ಹೊಸ ವರ್ಷನ್ ಬಂದಿತ್ತು. ಹಳೆಯದು ತಿಂಗಳ ಕೊನೆಗೆ ಬಂದ್. ಬಳಸುವವರು ನಲವತ್ತೊಂದು ಜನ, ಹೊಸ ಲೈಸೆನ್ಸ್ ನಲವತ್ತೇ. ಮೂರು ತಿಂಗಳಿಂದ ಬಳಸದವರ ಹೆಸರು ತೆಗೆಯಬೇಕೆಂದು, ಪಟ್ಟಿ ನೋಡಿಕೊಳ್ಳುವ ಭರತೇಶನಿಗೆ ಮೇಲಿನವರ ಆದೇಶ.

ಸುಲಭವಾಯಿತು ಅಂದುಕೊಂಡ. ವಿಜಯವಾಡ ಶಾಖೆಯ ಭ್ರಮರಾಂಬ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರ ಹೆಸರಿನ ಮುಂದೆ ಕೊನೆಯ ಲಾಗಿನ್ ನೋಡಿದ: ಇವತ್ತು, ಬೆಳಿಗ್ಗೆ ಹತ್ತೂ ಐದು.

ಅವರ ಮುಖ ಅವನು ಕಂಡಿರಲಿಲ್ಲ. ಫೋನಿನ ದನಿಯಷ್ಟೇ ಪರಿಚಯ. ಮೊದಲ ವರ್ಷ ಇವನ ಹರಕುಮುರುಕು ತೆಲುಗನ್ನು ನಗದೆ ತಿದ್ದಿದವರು ಅವರೊಬ್ಬರೇ. ಸಾವಿನ ಸುದ್ದಿ ಬಂದಾಗ, ಇನ್‌ಸ್ಪೆಕ್ಷನ್ ಇದೆ ಎಂದು ಇವನು ಹೋಗಿರಲಿಲ್ಲ.

೨

(ಇಲ್ಲೊಂದು ಸರಳ ಕಾರಣ ಬರೆದಿದ್ದೆ: ಭ್ರಮರಾಂಬ ಅವರ ಪಾಸ್‌ವರ್ಡನ್ನು ಪಕ್ಕದ ಸೀಟಿನ ಸುಮಿತ್ರಾ ಬಳಸುತ್ತಿದ್ದಾಳೆ. ಓದಿ ನನಗೇ ನೆಮ್ಮದಿಯಾಯಿತು. ಆಮೇಲೆ ವಿಚಾರಿಸಿದರೆ ಸುಮಿತ್ರಾ ಎರಡು ತಿಂಗಳಿಂದ ಹೆರಿಗೆ ರಜೆಯಲ್ಲಿದ್ದಾಳೆ. ಹೊಡೆದು ಹಾಕಿದೆ.)

೩

ಭರತೇಶ ವಿಜಯವಾಡಕ್ಕೆ ಹೋದ. ಮ್ಯಾನೇಜರ್ ಚಂದ್ರಮೌಳಿ ಆ ಮೇಜು ತೋರಿಸಿದರು. ಕಂಪ್ಯೂಟರನ್ನು ಎಂದೋ ಎತ್ತಿಸಿದ್ದಾರೆ. ಉಳಿದಿರುವುದು ಫೋನ್ ಒಂದೇ. ಅಲ್ಲಿ ಯಾರನ್ನು ಕೂರಿಸಿದರೂ ಎರಡು ದಿನಕ್ಕೆ ಜಾಗ ಬದಲಿಸಿ ಎನ್ನುತ್ತಾರಂತೆ. ಬೆಳಿಗ್ಗೆ ಬಂದು ಕೂತರೆ ಕುರ್ಚಿ ಆಗಲೇ ಬೆಚ್ಚಗಿರುತ್ತದಂತೆ.

ಮರುದಿನ ಹತ್ತಕ್ಕೆ ಅವನು ಆ ಮೇಜಿನ ಎದುರಿಗೆ ಲ್ಯಾಪ್‌ಟಾಪ್ ತೆರೆದು ಕೂತ. ಹತ್ತೂ ಐದಕ್ಕೆ ಪಟ್ಟಿಯಲ್ಲಿ ಅವರ ಹೆಸರು ಹಸಿರಾಯಿತು, ಅಂದರೆ ಲಾಗಿನ್ ಆಯಿತು. ಒಂದು ಅರ್ಜಿ ತೆರೆದುಕೊಂಡಿತು. ಅರ್ಜಿದಾರನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು. ಅವನು ನೋಡುತ್ತಿದ್ದಂತೆಯೇ ಅದು ಅಳಿಯಿತು, ಸರಿಯಾದದ್ದು ಮೂಡಿತು.

೪

ಹೆಸರು ತೆಗೆದುಬಿಡು ಮಾರಾಯ, ಕಥೆ ಮುಗಿಯುತ್ತದೆ ಎಂದೆ ನಾನು.

“ಅವರು ದಿನಾ ಕೆಲಸಕ್ಕ ಬರಾಕತ್ತಾರ್ರೀ,” ಎಂದ ಭರತೇಶ. “ಬರೋರ ಹೆಸರು ಹೆಂಗ ತಗೀಲಿ?”

ಹಾಗಾದರೆ ಯಾರದನ್ನು ತೆಗೆಯುತ್ತೀ ಎಂದು ಕೇಳುವಷ್ಟರಲ್ಲಿ ಅವನು ತನ್ನ ಹೆಸರನ್ನೇ ತೆಗೆದಿದ್ದ. ಪಕ್ಕದವರ ಪರದೆ ನೋಡಿ ಕೆಲಸ ಸಾಗಿಸುತ್ತಾನಂತೆ.

೫

ಹೊಸ ವರ್ಷನ್ ಬಂತು. ಮೊದಲ ದಿನ ಅವರ ಹೆಸರು ಹಸಿರಾಗಲೇ ಇಲ್ಲ ಎಂದೊಂದು ಕೊನೆ ಬರೆದೆ, ಬೇಸರವಾಯಿತು. ಪಟ್ಟಿಯಲ್ಲಿರುವ ನಲವತ್ತೂ ಹಸಿರಾದವು ಎಂದು ಇನ್ನೊಂದು ಬರೆದು, ದೀಪ ಹಾಕಿಕೊಂಡೆ. ಎರಡೂ ಇಲ್ಲಿಲ್ಲ.

ನನಗೆ ಗೊತ್ತಿರುವುದಿಷ್ಟು. ಹೊಸ ಪರದೆ ಯಾರಿಗೂ ಅರ್ಥವಾಗಲಿಲ್ಲ. ಭರತೇಶ ಒಬ್ಬೊಬ್ಬರಿಗೂ ಫೋನ್ ಮಾಡಿ ಕಲಿಸಿದ. ಮೂವತ್ತೊಂಬತ್ತು ಜನರದು ಮುಗಿಯಿತು. ಸ್ವಲ್ಪ ನೀರು ಕುಡಿದು, ವಿಜಯವಾಡದ ಆ ಮೇಜಿನ ನಂಬರ್ ಒತ್ತಿದ. ಎರಡನೆಯ ರಿಂಗಿಗೆ ಅತ್ತ ಎತ್ತಿದರು. ಯಾರು ಎಂದು ನನ್ನನ್ನು ಕೇಳಬೇಡಿ. ನನಗೆ ಕೇಳಿಸಿದ್ದು ಈ ಬದಿಯ ದನಿ ಮಾತ್ರ. ಅವನ ತೆಲುಗನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ:

“ಮೊದಲು ಎಡಗಡೆಯದು ಒತ್ತಿ ಮೇಡಂ... ಅದಲ್ಲ, ಅದರ ಪಕ್ಕದ್ದು.”