ಕಿಟಕಿಗೆ ಮೂರು ತಟ್ಟು

ವೆಸಾಂ ದ್ವೀಪದಲ್ಲಿ ಸಮುದ್ರಕ್ಕೆ ಹೋದವನು ಬಾರದಿದ್ದರೆ, ಸಾವಿನ ಸುದ್ದಿ ಹೇಳಲು ಬರುವ ಮನೆತನದ ಹಿರಿಯ ಬಾಗಿಲು ಬಡಿಯುವುದಿಲ್ಲ. ಕಿಟಕಿಗೆ ಮೂರು ಸಲ ಮೆಲ್ಲಗೆ ತಟ್ಟುತ್ತಾನೆ. ಫಾಂತಳ ಕಿಟಕಿಗೆ ತಟ್ಟಿದವನು ಅವಳ ದೊಡ್ಡಪ್ಪ ಎರ್ಲೆ.

"ಇವತ್ತು ನಿಮ್ಮನೇಲಿ ಜಾಗರಣೆ, ಮಗಳೇ."

ಹೆಣವಿಲ್ಲದ ಜಾಗರಣೆ. ಅವಳ ಗಂಡ ಗುಲ್ವೆನ್ನನ ಬದಲಿಗೆ ಬೆರಳುದ್ದದ ಮೇಣದ ಶಿಲುಬೆಯನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ ಹೆಂಗಸರು ಅತ್ತರು. ಬೆಳಗ್ಗೆ ಅದನ್ನು ಇಗರ್ಜಿಗೆ ಒಯ್ದು, ಕಡಲಲ್ಲಿ ಸತ್ತವರ ಶಿಲುಬೆಗಳ ಪೆಟ್ಟಿಗೆಯಲ್ಲಿಟ್ಟರು.

ತಿಂಗಳು ಕಳೆದಿರಬೇಕು. ಮುಸ್ಸಂಜೆ ಫಾಂತ್ ಆಲೂಗಡ್ಡೆ ಸುಲಿಯುತ್ತಿದ್ದಾಗ ಕಿಟಕಿಗೆ ಮತ್ತೆ ಮೂರು ತಟ್ಟು! ಅವಳ ತಮ್ಮನೂ ಕಡಲಲ್ಲಿದ್ದ.

"ತೆಗೆಯಲ್ಲ! ಹೋಗಿ ದೊಡ್ಡಪ್ಪ, ಈ ಮನೆಯಿಂದ ಕೊಡೋದು ಕೊಟ್ಟಾಯ್ತು!"

"ನಾನು ಕಣೇ. ಆಗಿಂದ ಬಾಗಿಲು ಬಡೀತಿದೀನಿ, ಈ ಗಾಳೀಲಿ ನಿಂಗೆಲ್ಲಿ ಕೇಳ್ಬೇಕು!"

ಗುಲ್ವೆನ್! ಹಲಗೆಗೆ ಜೋತುಬಿದ್ದವನನ್ನು ಯಾವುದೋ ಹಡಗು ಎತ್ತಿಕೊಂಡು ದೂರದ ಬಂದರಿನಲ್ಲಿ ಇಳಿಸಿತ್ತಂತೆ. ಅಲ್ಲಿ ಜ್ವರದಲ್ಲಿ ತನ್ನ ಹೆಸರನ್ನೂ ಹೇಳಲಾರದೆ ಬಿದ್ದಿದ್ದನಂತೆ.

"ಎಂದಿನ ಅಲೆಗಳೇ ಇದ್ವು. ಇದ್ದಕ್ಕಿದ್ದ ಹಾಗೆ ದೋಣಿ ಮುಂದೆ ನೀರು ಕುಸಿದು ಗುಂಡಿ ಬಿತ್ತು. ತಲೆ ಎತ್ತಿದ್ರೆ ಗೋಡೆ, ನಮ್ಮ ಇಗರ್ಜಿ ಗೋಪುರದಷ್ಟು. ಒಂದೇ ಒಂದು. ಅದು ಹೋದ್ಮೇಲೆ ಸಮುದ್ರ ಮೊದಲಿನ ಹಾಗೇ. ಜೊತೆಯವರು ಮಾತ್ರ ಇಲ್ಲ."

ದ್ವೀಪದ ಬಂದರಿನ ಮುದುಕರು ಇದನ್ನು ಕೇಳಿ ನಕ್ಕರು. "ಗೋಪುರದಷ್ಟಾ? ಎಷ್ಟು ಕುಡಿದಿದ್ಯೋ?" ಅಲ್ಲಾ, ಸಮುದ್ರವೇನು ಇವರಪ್ಪನ ಮನೆಯ ಬಾವಿಯೇ, ಆಳ ಎತ್ತರ ಗೊತ್ತಿರಲು! ಗುಲ್ವೆನ್ ಮಾತ್ರ ಮನೆಯಲ್ಲಿ ಸಾರಿನ ಬಟ್ಟಲು ಕದಲಿದರೂ ಮೇಜನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ.

"ಪಾದ್ರಿಗಳಿಗೆ ಹೇಳಿ ಆ ಶಿಲುಬೆ ತೆಗೆಸೋಣ. ನಂಗೆ ಹೆದರಿಕೆ ಆಗುತ್ತೆ," ಎಂದಳು ಫಾಂತ್.

"ಬೇಡ ಕಣೇ. ಆ ಅಲೆ ನನ್ನ ನೋಡ್ಬಿಟ್ಟಿದೆ. ಶಿಲುಬೇನೇ ನಾನು ಅಂತ ತಿಳ್ಕೊಂಡು ಸುಮ್ನಿರ್ಲಿ."

ಆದರೂ ಹೊಟ್ಟೆ ಕೇಳಬೇಕಲ್ಲ. ಚಳಿ ಕಳೆದ ಮೇಲೆ ಬೇರೆಯವರ ದೋಣಿ ಹತ್ತಿದ.

"ಈ ಸಲ ತಟ್ಟಿದ ಕೂಡ್ಲೇ ತೆಗೀತೀನಿ ಮಾರಾಯ," ಎಂದು ಫಾಂತ್ ಅವನ ಕುತ್ತಿಗೆಗೆ ಉಣ್ಣೆಬಟ್ಟೆ ಸುತ್ತಿದಳು. ಎಷ್ಟೋ ದಿನದ ಮೇಲೆ ಅವನು ನಕ್ಕ.

ಹೇಳಿದ ದಿನಕ್ಕೆ ದೋಣಿ ಬರಲಿಲ್ಲ. ದೀಪಸ್ತಂಭದ ಕಾವಲುಗಾರ ನೋಡಿದ್ದನಂತೆ: ಒಂದೇ ಒಂದು ಗೋಡೆ, ಆಮೇಲೆ ಎಂದಿನ ಸಮುದ್ರ. ಈ ಸಲ ಮುದುಕರು ಯಾರೂ ನಗಲಿಲ್ಲ. ಫಾಂತಳಿಗೆ ಹೇಳುವ ಧೈರ್ಯವೂ ಯಾರಿಗೂ ಬರಲಿಲ್ಲ.

ಮರುದಿನ ಸಂಜೆ ಕಿಟಕಿಗೆ ಮೂರು ತಟ್ಟು. ಫಾಂತ್ ಓಡಿಹೋಗಿ ಕಿಟಕಿ ತೆರೆದಳು.

"ಬಂದ್ಯಾ?" ಮುಖದ ತುಂಬ ನಗು.

ದೊಡ್ಡಪ್ಪ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಒಬ್ಬನಿಗೆ ಒಂದೇ ಶಿಲುಬೆ, ಗುಲ್ವೆನ್ನನದು ಪೆಟ್ಟಿಗೆಯಲ್ಲಿತ್ತು.

"ಈ ಸಲ ಜಾಗರಣೆ ಇಲ್ಲ, ಮಗಳೇ. ಅವನದು ಆಗ್ಲೇ ಆಗೋಗಿದೆ."

ಫಾಂತ್ ಅಳಲಿಲ್ಲ, ಕಿಟಕಿಯನ್ನೂ ಮುಚ್ಚಲಿಲ್ಲ.

"ಹೋದ ಸಲಾನೂ ನೀವೇ ಬಂದಿದ್ರಿ," ಎಂದಳು. "ಸ್ವಲ್ಪ ಆಚೆ ಸರೀರಿ ದೊಡ್ಡಪ್ಪ, ಅವನು ಬರೋದು ಕಾಣಿಸ್ತಿಲ್ಲ."