ಐದನೆಯ ಕಿಂಡಿಯ ಕಿತ್ತಳೆ ದೀಪ

ಹವಾನಾದ ಲುಯಾನೊ ಬಡಾವಣೆಯಲ್ಲಿ ಒಂದು ಬೀದಿಯ ಮನೆಗಳನ್ನೆಲ್ಲ ಹೆಣೆದಿದ್ದ ನೆಟ್‌ವರ್ಕ್ ಸ್ವಿಚ್ಚು ನಿವಾಲ್ದೊನ ಪಡಸಾಲೆಯ ಗೋಡೆಯಲ್ಲಿತ್ತು. ಮನೆಯಲ್ಲಿ ಅವನೊಬ್ಬನೇ. ಸ್ವಿಚ್ಚಿಗೆ ಕೇಬಲ್ ಸಿಕ್ಕಿಸುವ ಎಂಟು ಕಿಂಡಿ, ಮನೆಗೊಂದು, ಕಿಂಡಿಗೊಂದು ದೀಪ. ತಾರಸಿಗಳ ಮೇಲೆ ಹಾದುಹೋದ ಕೇಬಲ್ಲುಗಳು. ಒಂದನೆಯ ಕಿಂಡಿ ಅವನದೇ. ದೀಪ ಉರಿದರೆ ಆ ಮನೆಯ ಕಂಪ್ಯೂಟರ್ ಹಾಕಿದ್ದಾರೆಂದರ್ಥ. ಬಿಡದೆ ಮಿನುಗಿದರೆ ಯಾರೋ ಆಟವಾಡುತ್ತಿದ್ದಾರೆ, ಇಲ್ಲವೇ ಹರಟೆ ಹೊಡೆಯುತ್ತಿದ್ದಾರೆ. ಎಲ್ಲವೂ ಹಸಿರು, ಐದನೆಯದು ಮಾತ್ರ ಕಿತ್ತಳೆ. ಕಿತ್ತಳೆ ಎಂದರೆ ನಿಧಾನ. ಅದು ಎವೆಲಿಯೊನ ಓಬೀರಾಯನ ಕಾಲದ ಕಂಪ್ಯೂಟರ್ರು.

ಎವೆಲಿಯೊ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಮೂವತ್ತು ವರ್ಷ ಜೊತೆಗೆ ಡಾಮಿನೊ ಎಂಬ ಬಿಲ್ಲೆಯಾಟ ಆಡಿದವನು. ಮೊದಲು ಬೀದಿಯ ಮೇಜಿನ ಮೇಲೆ, ಆಮೇಲೆ ಈ ಕೇಬಲ್ಲಿನಲ್ಲಿ. ನಿವಾಲ್ದೊ ಹೆಣಕ್ಕೆ ಹೆಗಲು ಕೊಟ್ಟ, ಮನೆಗೆ ಬಂದ, ಉಂಡ, ಮಲಗಿದ. ಅಳು ಬರಲಿಲ್ಲ. ಬರಬೇಕಿತ್ತು ಎಂದೂ ಅನ್ನಿಸಲಿಲ್ಲ. ಎವೆಲಿಯೊನ ಮನೆಯ ಕಡೆಗೆ ಮತ್ತೆ ತಲೆ ಹಾಕಿಯೂ ಮಲಗಲಿಲ್ಲ. ಐದನೆಯ ದೀಪ ಉರಿಯುತ್ತಲೇ ಇತ್ತು. ಯಾರೂ ಆರಿಸಿಲ್ಲ, ಅಷ್ಟೇ ಎಂದುಕೊಂಡ.

ಮೂವತ್ತು ದಿನ ದೀಪ ಆರಿದ್ದರೆ ಆ ಕಿಂಡಿ, ಸಾಲಿನಲ್ಲಿ ಕಾಯುವವರಿಗೆ ಎಂಬುದು ಬೀದಿಯ ಕಟ್ಟಳೆ. ಯಜಮಾನ ಸತ್ತರೂ ಉರಿಯುವ ದೀಪಕ್ಕೆ ಏನೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಸಾಲಿನಲ್ಲಿ ಮೊದಲಿದ್ದ ಎದುರುಮನೆಯ ಯಾಮಿಲಾ ಬಂದು, ಕೇಬಲ್ ಇಲ್ಲದೆ ಮಗಳ ಓದು ಹಾಳಾಗುತ್ತಿದೆ ಎಂದಳು.

"ಸತ್ತವ್ರು ಡಾಮಿನೊ ಆಡ್ತಾರಾ, ನಿವಾಲ್ದೊ?"

ನಾಳೆ ಕಿತ್ತುಕೊಡುತ್ತೇನೆ ಎಂದ. ಹಾಗೆನ್ನುವಾಗಲೂ ಎದೆಯೊಳಗೆ ಏನೂ ಅಲುಗಲಿಲ್ಲ.

ಮರುದಿನ ಬೆಳಿಗ್ಗೆ ಐದನೆಯ ಕೇಬಲ್ಲಿಗೆ ಕೈ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ದಿನವೂ ಹೋಗುವುದೇ. ಎಲ್ಲ ದೀಪ ಆರಿದವು. ಬೇರೆ ಕೆಲಸವಿಲ್ಲದೆ ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತ. ಹನ್ನೊಂದಕ್ಕೆ ಕರೆಂಟು ಬಂದಾಗ ಹಸಿರು ದೀಪಗಳು ಒಂದೊಂದಾಗಿ ಹತ್ತಿದವು, ಐದನೆಯದು ಹತ್ತಲಿಲ್ಲ. ಇನ್ನೇನು ಕೀಳಬೇಕು, ಕಿತ್ತಳೆ ಹತ್ತಿತು. ಆ ಹಳೇ ಪೆಟ್ಟಿಗೆ ತಾನಾಗಿ ಏಳುವಂಥದ್ದಲ್ಲ. ಯಾರೋ ಗುಂಡಿ ಒತ್ತಿದ್ದಾರೆ, ಕರೆಂಟು ಹೋಗಿಬಂದಾಗಲೆಲ್ಲ ಒತ್ತುತ್ತಿದ್ದಾರೆ ಎಂಬುದು ಅವನಿಗೆ ಈಗ ಹೊಳೆಯಿತು. ಆದರೆ ಎವೆಲಿಯೊನ ಹೆಂಡತಿ ಸೊರಾಯ್ದ ಕಂಪ್ಯೂಟರ್ ಮುಟ್ಟಿದವಳೇ ಅಲ್ಲ.

ಹೋಗಿ ನೋಡಿದ. ಸೊರಾಯ್ದ ಕಪ್ಪು ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಳು. ಪಕ್ಕದಲ್ಲಿ ಕಂಪ್ಯೂಟರ್ ಗುಂಯ್‌ಗುಡುತ್ತಿತ್ತು. ಪರದೆಗೆ ಕಸೂತಿ ಬಟ್ಟೆ ಹೊದಿಸಿತ್ತು. ಇದನ್ನೇಕೆ ಹಾಕಿದ್ದೀಯ ಎಂದು ಕೇಳಿದ.

"ನಂಗೇನ್ ಗೊತ್ತು ಅದ್ರಲ್ಲಿ? ಗುಂಡಿ ಒತ್ತಿದ್ರೆ ನಿಮ್ಮನೇಲಿ ದೀಪ ಹತ್ತುತ್ತೆ ಅಂತಿದ್ದ ಎವೆಲಿಯೊ," ಎಂದಳು, ತಲೆ ಎತ್ತದೆ. "ನೀನಂತೂ ಈ ಕಡೆ ಬರ್ಲಿಲ್ಲ. ನಾನೊಬ್ಳು ಇದೀನಿ ಅಂತ ಅಷ್ಟಾದ್ರೂ ಗೊತ್ತಾಗ್ಲಿ ಅಂತ ದಿನಾ ಒತ್ತಿದೆ."

ನಿವಾಲ್ದೊ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಕುಳಿತು ಅವಳ ಜೊತೆ ಕಲ್ಲು ಆರಿಸಿದ. ಮನೆಗೆ ಬಂದು ಒಂದನೆಯ ಕಿಂಡಿಯಿಂದ ತನ್ನದೇ ಕೇಬಲ್ ಕಿತ್ತು, ಯಾಮಿಲಾಳದನ್ನು ಸಿಕ್ಕಿಸಿದ.

ಮರುದಿನ ಡಾಮಿನೊ ಡಬ್ಬಿ ಹಿಡಿದು ಸೊರಾಯ್ದಳ ಮನೆಗೆ ಹೋದಾಗ ಅವಳು ಕಾಫಿಗೆ ಇಟ್ಟಿದ್ದಳು. ಇವತ್ತು ಗುಂಡಿ ನೀನೇ ಒತ್ತು ಎಂದಳು. ಒತ್ತಿದ. ಅಲ್ಲಿ ಅವನ ಮನೆಯಲ್ಲಿ ಕಿತ್ತಳೆ ದೀಪ ಹತ್ತಿರಬೇಕು, ನೋಡುವವರು ಯಾರೂ ಇರಲಿಲ್ಲ. ಆಗ ನಿವಾಲ್ದೊನಿಗೆ ಅಳು ಬಂತು.