ಒಂದೇ ಹೆಸರಿನ ಎರಡು ಮೀನು

"ಎರಡೂ ಒಂದೇ ಥರ ಐತಲ್ಲೇ," ಎಂದಳು ಪಾಪಾತಿ, ರಜೆಗೆ ಬಂದಿದ್ದ ಮಗಳ ಫೋನನ್ನು ಕಣ್ಣಿನ ಹತ್ತಿರ ಹಿಡಿದು.

"ಇಲ್ಲಮ್ಮಾ, ಬೇರೆ ಬೇರೆ ಜಾತಿ ಶಾರ್ಕು. ಬಿಸಿಲೇ ಇಳೀದಿರೋ ಆಳದಾಗೆ ಇರ್ತವೆ. ಬಲೆಯೋರು ಎರಡನ್ನೂ ಸುರಾ ಅಂತಾರೆ, ಅಷ್ಟೇ." ಕಲೈಸೆಲ್ವಿ ಒಂದಾದ ಮೇಲೊಂದು ಚಿತ್ರ ತೋರಿಸಿದಳು. "ನೋಡು, ಇದ್ರ ರೆಕ್ಕೆ ತುದಿ ಉದ್ದ, ಅದ್ರದ್ದು ಮೋಟು. ಇದ್ರ ಚರ್ಮ ನುಣ್ಣಗೆ, ಅದು ಉಪ್ಪುಕಾಗದದಂಗೆ ಒರಟು."

ಸೇಲಂನ ಆ ಕನ್ನಡ ನೇಕಾರರ ಮನೆಯ ಒಳಕೋಣೆಯಲ್ಲಿ ಅಪ್ಪ ಲಕ್ಷ್ಮಣನ್ ರೇಷ್ಮೆ ಪಂಚೆ ನೇಯುತ್ತಿದ್ದ. ಕಲೈಸೆಲ್ವಿ ಕಡಲ ಮೀನುಗಳ ಬಗ್ಗೆ ಓದಲು ತೂತುಕುಡಿಗೆ ಹೊರಟಾಗ ಅವನು ಹೇಳಿದ್ದು ಒಂದೇ ಮಾತು: ಅಕ್ಕನ ಮನೆ ಕಡೆ ತಲೆ ಹಾಕಬೇಡ. ದೊಡ್ಡ ಮಗಳು ಸೆಲ್ವಿ ಅದೇ ಊರಿನ ಬೋಟಿನವನೊಬ್ಬನನ್ನು ಮೆಚ್ಚಿ, ಯಾರನ್ನೂ ಕೇಳದೆ ಮದುವೆಯಾಗಿದ್ದಳು. ಆಮೇಲೆ ಅವಳ ಹೆಸರು ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ.

ಪಾಪಾತಿ ಚಿತ್ರವನ್ನು ಬೆರಳಿಂದ ದೊಡ್ಡದು ಮಾಡಿದಳು. ಮೀನಿನ ಹಸಿರು ಕಣ್ಣು ಪಕ್ಕಕ್ಕೆ ಸರಿಯಿತು. ರೆಕ್ಕೆ ಬಿಡಿಸಿ ಹಿಡಿದಿದ್ದ ಕೈಯೊಂದು ಪರದೆ ತುಂಬ ಬಂತು. ಕಿರುಬೆರಳು ಒಳಕ್ಕೆ ಬಾಗಿತ್ತು. ಚಿಕ್ಕಂದಿನಲ್ಲಿ ಮಗ್ಗಕ್ಕೆ ಸಿಕ್ಕಿ ಮುರಿದು, ಸರಿಯಾಗಿ ಕೂಡದೇ ಹೋದ ಬೆರಳು.

"ಎಷ್ಟು ಇಳಿದೋಗವ್ಳೆ," ಎಂದಳು ಪಾಪಾತಿ, ಮೆಲ್ಲಗೆ.

ಕಲೈಸೆಲ್ವಿಗೆ ಸುಳ್ಳು ಹೇಳಲಾಗಲಿಲ್ಲ. "ಬೋಟು ಬಂದಾಗೆಲ್ಲಾ ಅಕ್ಕನೇ ನನಗಂತ ಮೀನು ಎತ್ತಿಡ್ತಾಳಮ್ಮಾ."

ಮಗ್ಗ ನಿಂತಿತು. ಲಕ್ಷ್ಮಣನ್ ಎದ್ದು ಬಂದ. ಬೈಗುಳಕ್ಕೆ ಕಾದು ನಿಂತಿದ್ದ ಮಗಳ ಮುಂದೆ ಕೈ ಚಾಚಿದ.

"ಇನ್ನೊಂದು ಮೀನಿಂದು ತೋರ್ಸು."

ಅದರಲ್ಲೂ ಅದೇ ಕೈ. ಮೊಣಕೈವರೆಗೆ ಕಾಣುತ್ತಿತ್ತು, ಎರಡು ಗಾಜಿನ ಬಳೆ, ನೀರಲ್ಲಿ ನೆನೆದು ಅಂಟಿದ ಸೀರೆ ಸೆರಗು. ಅವನು ಬಹಳ ಹೊತ್ತು ನೋಡಿದ.

"ಇದು ನುಣ್ಣಂದೋ, ಒರಟೋ?"

"ಒರಟಪ್ಪಾ."

ಅವನು ತಲೆಯಾಡಿಸಿದ. ಕೇಳಿಸಿಕೊಂಡಂತೆ ಕಾಣಲಿಲ್ಲ. "ಫೋನ್ ಆಕು ಅವಳ್ಗೆ," ಎಂದ.

ಕಲೈಸೆಲ್ವಿ ಕರೆ ಹಚ್ಚಿ ಅವನ ಕೈಗೇ ಕೊಟ್ಟಳು.

"ಕಲೈ, ಬೇಗ ಬಾರೇ! ಇವತ್ತೂ ಸಿಕ್ಕವೆ, ಐಸಿನಾಗೆ ಮಡಗಿವ್ನಿ." ಸೆಲ್ವಿಯ ದನಿ, ಮನೆಯದೇ ಕನ್ನಡ. "ಕಲೈ? ಯಾಕೇ ಮಾತಾಡ್ತಿಲ್ಲ?"

ಲಕ್ಷ್ಮಣನ್ ಫೋನನ್ನು ಕಿವಿಗೊತ್ತಿಕೊಂಡು ಗಂಟಲು ಸರಿಮಾಡಿಕೊಂಡ.

ಆ ಕಡೆಯಿಂದ ಕೇಳಿಸಿತು: "ಅಪ್ಪಾ?"

ಇಬ್ಬರೂ ಫೋನು ಇಡಲಿಲ್ಲ. ಪಾಪಾತಿ ಗಂಡನ ಕೆನ್ನೆಗೆ ಕೆನ್ನೆ ತಾಗಿಸಿ ನಿಂತಳು. ಆ ತುದಿಯಲ್ಲಿ ಯಾರೋ ತಮಿಳಿನಲ್ಲಿ ಕೂಗುತ್ತಿದ್ದರು. ಬೋಟೊಂದರ ಇಂಜಿನ್ ಕೆಮ್ಮಿ ಶುರುವಾಗಿ, ನೀರಿನ ಮೇಲೆ ದೂರ ದೂರ ಹೋಯಿತು.